ಆರನೇ ಹೆನ್ರಿಯಲ್ಲಿ ಮಾರ್ಲೋ ಪಾಲೆಷ್ಟು? ಹಳೇ ನಾಟಕ, ಹೊಸ ಸಾಫ್ಟ್‌ವೇರ್: ಸಲಹೆ ಬೇಕು

ಸಹ್ಯಾದ್ರಿ_ಓದು

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ, ಜೊತೆಗೆ ಪಿಎಚ್‌ಡಿ ನೋಂದಣಿಯೂ ಆಗಿದೆ. ವಿಷಯ ಶೇಕ್ಸ್‌ಪಿಯರ್‌ನ ‘ಆರನೇ ಹೆನ್ರಿ’ ಮೊದಲ ಭಾಗ. 2016ರಲ್ಲಿ ಬಂದ ನ್ಯೂ ಆಕ್ಸ್‌ಫರ್ಡ್ ಶೇಕ್ಸ್‌ಪಿಯರ್ ಆವೃತ್ತಿ ಈ ನಾಟಕದ ಮೂರೂ ಭಾಗಗಳಿಗೆ ಅದೇ ಕಾಲದ ನಾಟಕಕಾರ ಕ್ರಿಸ್ಟಫರ್ ಮಾರ್ಲೋನನ್ನ ಸಹಲೇಖಕ ಅಂತ ಹೆಸರಿಸಿತಲ್ಲ, ಅದಕ್ಕೆ ಆಧಾರ ಕಂಪ್ಯೂಟರ್ ಲೆಕ್ಕ ಅಂತ ಓದಿದೆ. ನಮ್ಮ ಗೈಡ್ ‘ಡಿಜಿಟಲ್ ಆಗಿ ಏನಾದ್ರೂ ಮಾಡಮ್ಮ, ಈಗ ಅದೇ ನಡೀತಿರೋದು’ ಅಂದ್ರು. ಅಷ್ಟೇ ಅಂದ್ರು, ಮುಂದಿನದ್ದು ಹೇಳಲಿಲ್ಲ.

ವೊಯಾಂಟ್ ಅನ್ನೋ, ಪದ ಎಣಿಸಿ ತೋರಿಸೋ ತಾಣಕ್ಕೆ ನಾಟಕದ ಪಠ್ಯ ಹಾಕಿದೆ. ದೊಡ್ಡ ಬಣ್ಣದ ಅಕ್ಷರಗಳಲ್ಲಿ ‘ಟಾಲ್ಬಟ್’, ‘ಫ್ರಾನ್ಸ್’, ‘ಲಾರ್ಡ್’, ‘ದೌ’ ಅಂತ ಬಂತು. ನಾಟಕ ಒಮ್ಮೆ ಓದಿದ ಯಾರಿಗಾದ್ರೂ ಗೊತ್ತಿರೋ ಸಂಗತಿ. ಇಲ್ಲಿಂದ ಮಾರ್ಲೋ ತನಕ ಹೋಗೋ ದಾರಿ ಯಾವುದು? ಚಂದಾ ಕಟ್ಟಬೇಕಾದ ದತ್ತಾಂಶಗಳು ನಮ್ಮ ಕಾಲೇಜಿಗೆ ಎಟುಕಲ್ಲ ಅನ್ನೋದನ್ನೂ ಮನಸ್ಸಲ್ಲಿಟ್ಟು ಹೇಳಿ.

ಬೈಟು_ಕಾಫಿ

ಮೇಡಂ, ನಾನು ವೃತ್ತಿಯಲ್ಲಿ ಪ್ರೋಗ್ರಾಮರ್, ನಾಟಕ ಹವ್ಯಾಸ. ಮೊದಲು ಒಂದು ವಿಷಯ. ವೊಯಾಂಟ್ ತಾನಾಗೇ ‘ದಿ’, ‘ಆಫ್’, ‘ಅಂಡ್’, ‘ಟು’ ಥರದ ಚಿಲ್ಲರೆ ಪದಗಳನ್ನ ತೆಗೆದುಹಾಕಿ ಉಳಿದದ್ದನ್ನ ತೋರಿಸುತ್ತೆ. ಕರ್ತೃತ್ವದ ಲೆಕ್ಕಕ್ಕೆ ಬೇಕಾಗಿರೋದು ಸರಿಯಾಗಿ ಆ ತೆಗೆದುಹಾಕಿದ ಪದಗಳೇ! ‘ಟಾಲ್ಬಟ್’ ಎಷ್ಟು ಸಲ ಬರುತ್ತೆ ಅನ್ನೋದು ಕಥೆಯಿಂದ ನಿರ್ಧಾರ ಆಗುತ್ತೆ. ‘ಆಫ್’ ಎಷ್ಟು ಸಲ ಬರುತ್ತೆ ಅನ್ನೋದು ಬರೆಯೋನ ಕೈಗುಣ, ಅವನಿಗೇ ಗೊತ್ತಿರಲ್ಲ.

ಆಸ್ಟ್ರೇಲಿಯಾದ ಜಾನ್ ಬರೋಸ್ 2002ರಲ್ಲಿ ‘ಡೆಲ್ಟಾ’ ಅಂತ ಒಂದು ಅಳತೆ ಕೊಟ್ಟರು. ಅತಿ ಹೆಚ್ಚು ಬಳಕೆಯ ನೂರಿನ್ನೂರು ಪದ ತಗೊಂಡು, ಪ್ರತಿಯೊಂದೂ ಸರಾಸರಿಗಿಂತ ಎಷ್ಟು ಆಚೀಚೆ ಇದೆ ಅಂತ ಪ್ರತಿ ಪಠ್ಯಕ್ಕೂ ಲೆಕ್ಕ ಹಾಕಿ, ಎರಡು ಪಠ್ಯಗಳ ನಡುವಿನ ದೂರ ನೋಡೋದು. ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಸ್ಟೈಲೋ’ ಅನ್ನೋ ಪೊಟ್ಟಣ ಇದೆ, ಉಚಿತ. ಕೋಡ್ ಬರೆಯೋಕೆ ಬರದೇ ಇದ್ರೂ ಕಿಟಕಿ ತೆರೆದು ಗುಂಡಿ ಒತ್ತಿದ್ರೆ ಚಿತ್ರ ಬಿಡಿಸಿಕೊಡುತ್ತೆ. ಒಂದು ಪದ ಎಲ್ಲೆಲ್ಲಿ, ಯಾವ ಸಾಲಲ್ಲಿ ಬಂತು ಅಂತ ನೋಡಕ್ಕೆ ಲಾರೆನ್ಸ್ ಆಂಥೊನಿ ಅವರ ಆಂಟ್‌ಕಾಂಕ್ ಸಾಕು, ಅದೂ ಉಚಿತ. ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ.

ತಾಮ್ರಪತ್ರ

ಗುಂಡಿ ಒತ್ತೋದಕ್ಕ ಮುಂಚೆ ಒಂದು ಪ್ರಶ್ನೆ ಕೇಳ್ತೀನ್ರಿ. ಆ ಪಠ್ಯ ಎಲ್ಲಿಂದ ತಂದ್ರಿ?

ನಾ ಧಾರವಾಡದಾಗ ಮೂರು ದಶಕ ಇದೇ ಪಾಠ ಮಾಡಿ ನಿವೃತ್ತ ಆದಾವ. ಪ್ರಶ್ನೆ ಯಾಕ ಕೇಳ್ತೀನಂದ್ರ, ‘ಆರನೇ ಹೆನ್ರಿ’ ಮೊದಲ ಭಾಗ ಅಚ್ಚಾಗಿದ್ದೇ 1623ರ ಫೋಲಿಯೊದಾಗ, ಅಂದ್ರ ಶೇಕ್ಸ್‌ಪಿಯರ್ ನಾಟಕಗಳನ್ನ ಕೂಡಿಸಿದ ದೊಡ್ಡ ಸಂಪುಟದಾಗ. ಬರದದ್ದು 1592ರ ಹೊತ್ತಿಗೆ. ನಡುವ ಮೂವತ್ತು ವರ್ಷ ಅದ. ಅಚ್ಚಿನ ಮನೆಯ ಮೊಳೆ ಜೋಡಿಸೋರು ತಮ್ಮ ತಮ್ಮ ಕಾಗುಣಿತ ಹಾಕ್ಯಾರ. ನೀವು ಅಂತರ್ಜಾಲದಿಂದ ಇಳಿಸಿಕೊಂಡದ್ದು ಬಹುಶಃ ಯಾರೋ ಸಂಪಾದಕರು ಕಾಗುಣಿತ ತಿದ್ದಿ, ರಂಗಸೂಚನೆ ಸೇರಿಸಿ, ಅಂಕ-ದೃಶ್ಯ ಒಡದು ಕೊಟ್ಟದ್ದು. ರಂಗಸೂಚನೆಯ ಪದಗಳೂ, ಪ್ರತಿ ಮಾತಿನ ಮುಂದಿನ ಪಾತ್ರದ ಹೆಸರೂ ಎಣಿಕೆಗೆ ಬಂದುಬಿಟ್ಟಿರ್ತಾವ. ನಿಮ್ಮ ‘ಟಾಲ್ಬಟ್’ ಅಷ್ಟು ದೊಡ್ಡದಾಗಿ ಕಂಡದ್ದಕ್ಕ ಅದೂ ಒಂದು ಕಾರಣ ಇದ್ದೀತು.

ಮೂಲದ ಕಾಗುಣಿತವೇ ಬೇಕಂದ್ರ ಇಇಬಿಒ-ಟಿಸಿಪಿ ಪಠ್ಯ ಹಿಡೀರಿ. 1473ರಿಂದ 1700ರ ತನಕ ಅಚ್ಚಾದ ಇಂಗ್ಲಿಷ್ ಪುಸ್ತಕಗಳಲ್ಲಿ ಸುಮಾರು 60,000 ಪುಸ್ತಕದ ಪೂರ್ಣ ಪಠ್ಯ ಅಲ್ಲಿ ಅದ. 2015ರಾಗ ಸುಮಾರು 25,000, 2020ರಾಗ ಉಳಿದದ್ದು ಎಲ್ಲರಿಗೂ ಮುಕ್ತ ಆತು. ಪುಟದ ಚಿತ್ರ ನೋಡಲಿಕ್ಕೆ ಮಾತ್ರ ಚಂದಾ ಬೇಕು.

ಆ ಪಠ್ಯ ಹೆಂಗ ಹುಟ್ಟಿತು ಅಂತ ತಿಳ್ಕೊಂಡಿರಿ. 1930ರ ದಶಕದ ಕೊನೆಗೆ ಅಮೆರಿಕದ ಆನ್ ಆರ್ಬರ್‌ನ ಒಂದು ಕಂಪನಿ ಹಳೇ ಇಂಗ್ಲಿಷ್ ಪುಸ್ತಕಗಳನ್ನ ಮೈಕ್ರೋಫಿಲ್ಮ್ ಮಾಡಲಿಕ್ಕೆ ಸುರು ಮಾಡಿತು. ಆ ಕಪ್ಪು-ಬಿಳಿ ಫಿಲ್ಮನ್ನ ಆಮೇಲೆ ಸ್ಕ್ಯಾನ್ ಮಾಡಿದ್ರು. ಆ ಸ್ಕ್ಯಾನ್ ನೋಡಿ ಇಬ್ಬರು ಬೇರೆ ಬೇರೆ ಟೈಪ್ ಮಾಡಿ, ಎರಡನ್ನೂ ತಾಳೆ ನೋಡಿದ್ರು. 20,000 ಅಕ್ಷರಕ್ಕ ಒಂದು ತಪ್ಪು ಅನ್ನೋದು ಗುರಿ. ಓದಲಿಕ್ಕೆ ಬರಲಾರದ ಅಕ್ಷರ ಇದ್ದಲ್ಲಿ ಊಹೆ ಮಾಡಬ್ಯಾಡ್ರಿ, ಒಂದು ಕರೀ ಚುಕ್ಕಿ ಇಡ್ರಿ ಅಂತ ನಿಯಮ. ಹಿಂಗಾಗಿ ಎಲ್-ಒ-●-ಇ ಅಂತ ಒಂದು ಶಬ್ದ ನಿಮಗ ಸಿಗ್ತದ. ಅದು ‘ಲವ್’ ಇರಬಹುದು, ‘ಲೂಸ್’ ಇರಬಹುದು, ‘ಲೋನ್’ ಇರಬಹುದು. ಮನುಷ್ಯ ಸಾಲು ಓದಿ ಹೇಳ್ತಾನ. ನಿಮ್ಮ ಎಣಿಕೆಯ ಯಂತ್ರ ಅದನ್ನ ನಾಲ್ಕನೇ ಹೊಸ ಶಬ್ದ ಅಂತ ಬರಕೊಂಡು ಮುಂದ ಹೋಗ್ತದ.

ಬೈಟು_ಕಾಫಿ

ಒಪ್ಪಿದೆ ಸರ್. ಆದ್ರೆ ಅದಕ್ಕೂ ಕೆಲಸ ನಡೆದಿದೆ. ಅರ್ಲಿಪ್ರಿಂಟ್ ಅನ್ನೋ ಯೋಜನೆಯಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಮತ್ತು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಈ ಪಠ್ಯಗಳಲ್ಲಿ ಪ್ರತಿ ಪದಕ್ಕೂ ಆಧುನಿಕ ಕಾಗುಣಿತ, ಮೂಲರೂಪ, ವ್ಯಾಕರಣದ ಗುರುತು ಕಟ್ಟಿದ್ದಾರೆ. ನಾಟಕಗಳ ಚುಕ್ಕಿಗಳನ್ನ ಪದವಿ ವಿದ್ಯಾರ್ಥಿಗಳು ಒಳ್ಳೇ ಪ್ರತಿ ನೋಡಿ ತುಂಬಿದ್ದಾರೆ. ಕಾಗುಣಿತ ಒಂದೇ ರೂಪಕ್ಕೆ ತರೋಕೆ ಲ್ಯಾಂಕಾಸ್ಟರ್‌ನವರ ‘ವಾರ್ಡ್’ ಅನ್ನೋ ತಂತ್ರಾಂಶ ಇದೆ. ಯು ಇರೋ ಕಡೆ ವಿ, ವಿ ಇರೋ ಕಡೆ ಯು ಅಚ್ಚು ಹಾಕೋ ಅಭ್ಯಾಸ ಇತ್ತಲ್ಲ, ಅಂಥದನ್ನೆಲ್ಲ ಹಿಡಿದು ಸರಿ ಮಾಡುತ್ತೆ.

ಸಹ್ಯಾದ್ರಿ_ಓದು

ಇಬ್ಬರಿಗೂ ಧನ್ಯವಾದ. ಇಷ್ಟಾದ ಮೇಲೂ ಮೂಲ ಪ್ರಶ್ನೆ ಉಳೀತು. ಆಕ್ಸ್‌ಫರ್ಡ್‌ನವರು ಹೇಳಿದ್ದು ನಿಜವಾ? ಮಾರ್ಲೋ ಬರೆದಿದ್ದಾನಾ ಇಲ್ಲವಾ?

ತಾಮ್ರಪತ್ರ

‘ಬರದಾನ’ ಅಂತ ಒಂದು ಶಬ್ದದಾಗ ಹೇಳೋರನ್ನೂ ನಂಬಬ್ಯಾಡ್ರಿ, ‘ಇಲ್ಲ’ ಅನ್ನೋರನ್ನೂ ನಂಬಬ್ಯಾಡ್ರಿ. ಒಂದಕ್ಕಿಂತ ಹೆಚ್ಚು ಕೈ ಅದರಾಗ ಅವ ಅನ್ನೋದನ್ನ ಭಾಳ ಮಂದಿ ಒಪ್ಪತಾರ. ಮೊದಲ ಅಂಕಕ್ಕ ಅದೇ ಕಾಲದ ಲೇಖಕ ಥಾಮಸ್ ನ್ಯಾಶ್‌ನ ಹೆಸರು ಕಂಪ್ಯೂಟರ್ ಬರೋದಕ್ಕ ಎಷ್ಟೋ ಮೊದಲೇ ಕೇಳಿಬಂದಿತ್ತು. ಜಗಳ ಇರೋದು ಮಾರ್ಲೋ ಮ್ಯಾಲ.

ಲೆಕ್ಕ ಹಾಕಲಿಕ್ಕೆ ಮಾದರಿ ಬೇಕಲ್ರಿ? ಮಾರ್ಲೋನ ಮಾದರಿ ಯಾವುದು? ‘ಡಾಕ್ಟರ್ ಫಾಸ್ಟಸ್’ 1604ರದ್ದೊಂದು, 1616ರದ್ದೊಂದು, ಎರಡೂ ಒಂದಕ್ಕೊಂದು ಹೊಂದೂದಿಲ್ಲ. ಎರಡರಾಗೂ ಬ್ಯಾರೆಯವರ ಕೈ ಅದ. ‘ಪ್ಯಾರಿಸ್ ಹತ್ಯಾಕಾಂಡ’ ನಮಗ ಸಿಕ್ಕದ್ದು ತುಂಡು ತುಂಡಾಗಿ. ‘ಡೈಡೋ’ದ ಮುಖಪುಟದಾಗ ನ್ಯಾಶ್ ಹೆಸರೂ ಅದ. ‘ಮಾಲ್ಟಾದ ಯಹೂದಿ’ ಅಚ್ಚಾದದ್ದು 1633ರಾಗ, ಅವ ಸತ್ತು ನಾಲ್ವತ್ತು ವರ್ಷ ಆದ ಮ್ಯಾಲ. ಗಟ್ಟಿಯಾಗಿ ಕೈಯಾಗ ಉಳಿಯೋದು ‘ಟ್ಯಾಂಬರ್ಲೇನ್’ ಎರಡು ಭಾಗ ಮತ್ತ ‘ಎರಡನೇ ಎಡ್ವರ್ಡ್’. ಇಷ್ಟರ ಮ್ಯಾಲ ‘ಮಾರ್ಲೋ ಶೈಲಿ’ ಅಂತ ಒಂದು ಗೆರಿ ಎಳೀಬೇಕು.

ಈ ನಾಟಕಕ್ಕ ಹೆಸರು ಕೇಳಿಬಂದ ಇನ್ನೊಬ್ಬ ನಾಟಕಕಾರ ಥಾಮಸ್ ಕಿಡ್‌ನ ಪರಿಸ್ಥಿತಿ ಇನ್ನೂ ಕಷ್ಟ. ‘ಸ್ಪ್ಯಾನಿಶ್ ಟ್ರ್ಯಾಜೆಡಿ’ಯ ಹಳೇ ಮುದ್ರಣ ಯಾವುದರಾಗೂ ಅವನ ಹೆಸರೇ ಇಲ್ಲ. 1612ರಾಗ ಥಾಮಸ್ ಹೇವುಡ್ ಒಂದು ಸಾಲು ಉದ್ಧರಿಸಿ ಕಿಡ್ ಅಂತ ಹೇಳದೇ ಹೋಗಿದ್ರ ನಮಗ ಗೊತ್ತಾಗತಿದ್ದಿಲ್ಲ. ಬ್ರಯನ್ ವಿಕರ್ಸ್ ಅನ್ನೋ ವಿದ್ವಾಂಸರು ಆಕ್ಸ್‌ಫರ್ಡ್ ತಂಡದ ವಿಧಾನ ಒಪ್ಪೂದಿಲ್ಲ. ಅವರ ಒಲವು ಕಿಡ್ ಕಡೆ, ಅದಕ್ಕ ಅವರು ಹಿಡಿಯೋದು ಮೂರು-ನಾಲ್ಕು ಶಬ್ದದ ಹೊಂದಾಣಿಕೆಗಳನ್ನ. ಒಂದೇ ನಾಟಕ, ಎರಡು ಅಳತೆ, ಎರಡು ಉತ್ತರ!

ಹಳೇದೊಂದು ಉದಾಹರಣೆ ಹೇಳ್ತೀನಿ. 1612ರಾಗ ‘ಡಬ್ಲ್ಯು ಎಸ್’ ಅಂತ ಸಹಿ ಇರೋ ಒಂದು ಶೋಕಗೀತೆ ಅಚ್ಚಾಗಿತ್ತು. ಡೊನಾಲ್ಡ್ ಫಾಸ್ಟರ್ ಅನ್ನೋ ವಿದ್ವಾಂಸರು ಅದನ್ನ ಕಂಪ್ಯೂಟರ್‌ಗೆ ಹಚ್ಚಿ ಶೇಕ್ಸ್‌ಪಿಯರ್‌ನದು ಅಂದ್ರು. 1990ರ ದಶಕದಾಗ ಪತ್ರಿಕೆಗಳ ಮುಖಪುಟಕ್ಕ ಬಂತು. ಅಮೆರಿಕದ ಸಮಗ್ರ ಸಂಪುಟಗಳಿಗೂ ಹೊಕ್ಕಿತು. ಕಡೀಕ ಜಾನ್ ಫೋರ್ಡ್‌ನದು ಅಂತ ಬ್ಯಾರೆಯವರು ತೋರಿಸಿದ ಮ್ಯಾಲ 2002ರಾಗ ಫಾಸ್ಟರ್ ಅವರೇ ಒಪ್ಪಿಕೊಂಡ್ರು.

ಹಂಗಂತ ಎಣಿಕೆ ಸುಳ್ಳು ಅಂತ ನಾ ಹೇಳೂದಿಲ್ಲ. ‘ರಿವೆಂಜರ್ಸ್ ಟ್ರ್ಯಾಜೆಡಿ’ ಮೂರು ನೂರು ವರ್ಷ ಸಿರಿಲ್ ಟರ್ನರ್ ಹೆಸರಿನಾಗ ಇತ್ತು. 1970ರ ದಶಕದಾಗ ಡೇವಿಡ್ ಲೇಕ್ ಮತ್ತ ಮ್ಯಾಕ್‌ಡೊನಾಲ್ಡ್ ಜಾಕ್ಸನ್ ಬ್ಯಾರೆ ಬ್ಯಾರೆ ಕೂತು, ‘ಐ ಆ್ಯಮ್’ ಅನ್ನೂದನ್ನ ‘ಐಮ್’ ಅಂತ ಮುರಿಯೋದು, ‘ದೆಮ್’ ಬದಲಿಗೆ ‘ಎಮ್’ ಅನ್ನೋದು, ಇಂಥಾವನ್ನ ಕೈಯಾಗ ಎಣಿಸಿ, ಇದು ಥಾಮಸ್ ಮಿಡಲ್ಟನ್‌ನದು ಅಂದ್ರು. ಈಗ ಬಹುತೇಕ ಎಲ್ಲಾರೂ ಒಪ್ಪ್ಯಾರ. ಯಾಕಂದ್ರ ಮಿಡಲ್ಟನ್‌ನ ಸ್ವಂತ ನಾಟಕ ಬೇಕಾದಷ್ಟು ಉಳದಾವ, ಹೋಲಿಸಲಿಕ್ಕೆ ಮಾದರಿ ಅದ.

ಬೈಟು_ಕಾಫಿ

ಸರ್, ಇಂಗ್ಲೆಂಡ್ ಬಿಟ್ಟು ಸ್ವಲ್ಪ ಆಚೆ ನೋಡಿದ್ರೆ ಚಿತ್ರ ಇಷ್ಟು ಮಂಕಾಗಿಲ್ಲ. ಮಾದ್ರಿದ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ‘ಲಾ ಫ್ರಾನ್ಸೆಸಾ ಲಾವ್ರಾ’ ಅಂತ ಒಂದು ಅನಾಮಧೇಯ ನಾಟಕದ ಹಸ್ತಪ್ರತಿ ಬಿದ್ದಿತ್ತು. ಟ್ರಾನ್ಸ್‌ಕ್ರೈಬಸ್ ಅನ್ನೋ ಕೈಬರಹ ಓದೋ ತಂತ್ರಾಂಶದಿಂದ ಸಾವಿರಕ್ಕೂ ಮಿಕ್ಕಿ ಹಳೇ ಸ್ಪ್ಯಾನಿಶ್ ನಾಟಕ ಪ್ರತಿಗಳನ್ನ ಪಠ್ಯ ಮಾಡಿದ್ರು. ಆಮೇಲೆ ಕರ್ತೃ ಗೊತ್ತಿರೋ ನಾಟಕಗಳ ಜೊತೆ ಹೋಲಿಸಿದಾಗ ಇದು ಸ್ಪೇನಿನ ಹೆಸರಾಂತ ನಾಟಕಕಾರ ಲೋಪೆ ದೆ ವೇಗಾ ಹತ್ತಿರ ಹೋಗಿ ನಿಂತಿತು. 2023ರ ಜನವರಿಯಲ್ಲಿ ಗ್ರಂಥಾಲಯ ಪ್ರಕಟಿಸಿತು. ಲೋಪೆ ಸತ್ತಿದ್ದು 1635ರಲ್ಲಿ, ಆ ಪ್ರತಿ ಅವನು ಹೋಗಿ ಎಷ್ಟೋ ವರ್ಷದ ಮೇಲೆ ಯಾರೋ ನಕಲು ಮಾಡಿದ್ದು. ಅಲ್ವಾರೊ ಕ್ವೆಯಾರ್ ಮತ್ತು ಹೆರ್ಮಾನ್ ವೇಗಾ ಅನ್ನೋ ಇಬ್ಬರು ಸಂಶೋಧಕರು ಕಂಪ್ಯೂಟರ್ ಸುಳಿವನ್ನ ಹಿಡಿದು ಛಂದಸ್ಸು, ಪದಬಳಕೆ ಎಲ್ಲ ಹಳೇ ರೀತಿಯಲ್ಲೇ ಪರೀಕ್ಷೆ ಮಾಡಿ ನೋಡಿದ್ರು. ಸರಿಹೋಯ್ತು.

ಫ್ರಾನ್ಸ್‌ನಲ್ಲೂ ಅಷ್ಟೇ. ಮೋಲಿಯೇರ್ ನಾಟಕಗಳನ್ನ ಅದೇ ಕಾಲದ ಇನ್ನೊಬ್ಬ ನಾಟಕಕಾರ ಕಾರ್ನೇಯಿ ಬರೆದುಕೊಟ್ಟ ಅಂತ ನೂರು ವರ್ಷದಿಂದ ಒಂದು ಪುಕಾರು ಇತ್ತು. 2019ರಲ್ಲಿ ಕಾಫಿಯೆರೊ ಮತ್ತು ಕಾಂಪ್ಸ್ ಆರು ಬೇರೆ ಬೇರೆ ಬಗೆಯಲ್ಲಿ ಅಳೆದು, ಇಲ್ಲ, ಮೋಲಿಯೇರ್ ತಾನೇ ಬರೆದ ಅಂತ ತೋರಿಸಿದ್ರು. ಲೋಪೆ ಆಗಲಿ ಮೋಲಿಯೇರ್ ಆಗಲಿ ರಾಶಿ ರಾಶಿ ಬರೆದವರು, ಬರೆದದ್ದು ಉಳಿದಿದೆ ಕೂಡ. ನೀವು ಹೇಳಿದ ಮಾದರಿ ಮಾತಿಗೇ ಇದು ಸಾಕ್ಷಿ ಅನ್ನಿ ಬೇಕಾದ್ರೆ.

ಮಂಜುಹನಿ

ಕೆನಡಾದಿಂದ ಬರೀತಿದ್ದೇನೆ, ಇಲ್ಲಿನ ಒಂದು ಗ್ರಂಥಾಲಯದಲ್ಲಿ ಕೆಲಸ. ನೀವೆಲ್ಲ ‘ಯಾರು ಬರೆದದ್ದು’ ಅನ್ನೋ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದೀರಿ ಅನ್ನಿಸಿತು. ಮಧ್ಯಯುಗದ ನಾಟಕಕ್ಕೆ ಬಂದರೆ ಆ ಪ್ರಶ್ನೆಯೇ ಬಹುಪಾಲು ಬಿದ್ದುಹೋಗುತ್ತೆ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಾರ್ಪಸ್ ಕ್ರಿಸ್ಟಿ ಅನ್ನೋ ಕ್ರೈಸ್ತ ಹಬ್ಬಕ್ಕೆ ಆಡ್ತಿದ್ದ ನಾಟಕಗಳನ್ನೇ ತಗೊಳ್ಳಿ. ಹಸ್ತಪ್ರತಿಯಲ್ಲಿ ನಲವತ್ತೇಳು ನಾಟಕ, ಲೋಕದ ಸೃಷ್ಟಿಯಿಂದ ಕಡೇ ತೀರ್ಪಿನ ತನಕ. ಬರೆದವರ ಹೆಸರಿಲ್ಲ, ಆಡಿಸಿದ ಕಸುಬುದಾರ ಸಂಘಗಳ ಹೆಸರಿದೆ. ನೋಹನ ಹಡಗು ಕಟ್ಟೋ ನಾಟಕ ಹಡಗು ಬಡಗಿಗಳದ್ದು, ಕೊನೆಯ ಭೋಜನ ರೊಟ್ಟಿ ಸುಡೋರದ್ದು, ಶಿಲುಬೆಗೆ ಮೊಳೆ ಹೊಡೆಯೋದು ಮೊಳೆ-ಸೂಜಿ ಮಾಡೋರದ್ದು. ಗಾಲಿ ಬಂಡಿಯ ಮೇಲೆ, ಊರಿನ ಹನ್ನೆರಡು ಜಾಗದಲ್ಲಿ ನಿಂತು ನಿಂತು ಆಡೋದು.

1971ರಲ್ಲಿ ಅಲೆಕ್ಸಾಂಡ್ರಾ ಜಾನ್‌ಸ್ಟನ್ ಮತ್ತು ಮಾರ್ಗರೆಟ್ ಡೊರೆಲ್ ಅವರಿಗೆ ಒಂದು ಕಾಗದ ಸಿಕ್ಕಿತು. 1433ರದ್ದು, ಜವಳಿ ವ್ಯಾಪಾರಿಗಳ ಸಂಘ ತನ್ನ ಬಂಡಿಯ ಸಾಮಾನು ಪಟ್ಟಿ ಮಾಡಿದ್ದು. ನಾಲ್ಕು ಗಾಲಿಯ ಬಂಡಿ, ನರಕದ ಬಾಯಿ, ದೆವ್ವಗಳಿಗೆ ಮೂರು ಅಂಗಿ, ಕೆಂಪು ಬಣ್ಣ ಬಳಿದ ಒಂಬತ್ತು ಪುಟ್ಟ ದೇವದೂತರ ಗೊಂಬೆ, ಅವು ಸ್ವರ್ಗದಲ್ಲಿ ಓಡಾಡೋ ಹಾಗೆ ಎಳೆಯೋಕೆ ಒಂದು ಉದ್ದನೆಯ ಸಣ್ಣ ಹಗ್ಗ! ನಾಟಕದ ಪಠ್ಯ ಎಷ್ಟು ಸಲ ಓದಿದರೂ ಈ ಹಗ್ಗ ಸಿಗೋದಿಲ್ಲ.

ಇಂಥ ದಾಖಲೆ ಇನ್ನೆಷ್ಟಿವೆಯೋ ಅಂತ ಹುಡುಕಾಟ ಬೆಳೆದು ‘ರೀಡ್’ ಯೋಜನೆ ಆಯಿತು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಮಧ್ಯದಲ್ಲಿ ಶುರು, ಯಾರ್ಕ್‌ನ ಎರಡು ಸಂಪುಟ 1979ರಲ್ಲಿ ಮೊದಲು ಬಂದವು. 1642ರ ತನಕದ ಚರ್ಚಿನ ಲೆಕ್ಕ, ನಗರಸಭೆಯ ಖರ್ಚು, ಕೋರ್ಟಿನ ದೂರು, ಎಲ್ಲದರಿಂದ ನಾಟಕ-ಸಂಗೀತಕ್ಕೆ ಸಂಬಂಧಿಸಿದ ಸಾಲುಗಳನ್ನ ಹೆಕ್ಕಿ ಕೊಡ್ತಾರೆ. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ, ಹೊಸವು ರೀಡ್ ಆನ್‌ಲೈನ್‌ನಲ್ಲಿ. ಸಹ್ಯಾದ್ರಿಯವರೇ, ಚಂದಾ ಬೇಡ. ಆದರೆ ಹೆಕ್ಕಿ ಕೊಟ್ಟದ್ದು ಅನ್ನೋದು ನೆನಪಿರಲಿ. ಆ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಸಾಲಿನಲ್ಲಿ ಗಂಟೆ ರಿಪೇರಿಗೆ ಎಷ್ಟು ಕೊಟ್ಟರು ಅಂತ ಇದ್ದರೆ ಅದು ನಿಮಗೆ ಕಾಣೋದಿಲ್ಲ.

ಇನ್ನೊಂದು. 1415ರಲ್ಲಿ ಯಾರ್ಕ್ ನಗರದ ಗುಮಾಸ್ತ ರೋಜರ್ ಬರ್ಟನ್ ಯಾವ ಸಂಘಕ್ಕೆ ಯಾವ ನಾಟಕ ಅಂತ ಪಟ್ಟಿ ಬರೆದಿಟ್ಟ. ಆಮೇಲೆ ಅದರಲ್ಲಿ ಹೊಡೆದುಹಾಕಿದ್ದು, ಕೆರೆದದ್ದು, ಸೇರಿಸಿದ್ದು ಬೇಕಾದಷ್ಟು. ಪುಟವೂ ಹಾಳಾಗಿದೆ. ಮೆಗ್ ಟ್ವೈಕ್ರಾಸ್ ಅವರು ಡಿಜಿಟಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದ ಚಿತ್ರಗಳನ್ನ ಪರದೆ ಮೇಲೆ ಹಿಗ್ಗಿಸಿ, ಒಂದರ ಮೇಲೊಂದು ಬಂದ ಬರಹದ ಪದರಗಳನ್ನ ಬಿಡಿಸಿ ತೋರಿಸಿದರು. ಡಿಜಿಟಲ್ ಅಂದರೆ ಎಣಿಕೆಯೊಂದೇ ಅಲ್ಲ.

ಬೈಟು_ಕಾಫಿ

ನಲವತ್ತೇಳು ಬಂಡಿ, ಹನ್ನೆರಡು ನಿಲ್ದಾಣ, ಒಂದೇ ದಿನ? ಉದ್ದದ ನಾಟಕ ಒಂದು ಕಡೆ ನಿಂತರೆ ಹಿಂದಿನವೆಲ್ಲ ಸಾಲುಗಟ್ಟಿ ನಿಲ್ಲಬೇಕಲ್ಲ. ಇದು ಸಖತ್ ಸಿಮ್ಯುಲೇಶನ್ ಸಮಸ್ಯೆ.

ಮಂಜುಹನಿ

ಹೌದು, 1970ರ ದಶಕದಿಂದ ಅದೇ ಜಗಳ. ಸಾಧ್ಯವೇ ಇಲ್ಲ, ಬಂಡಿಗಳು ಬರೀ ಮೆರವಣಿಗೆ ಹೋಗ್ತಿದ್ದವು, ನಾಟಕ ಒಂದೇ ಕಡೆ ಆಗ್ತಿತ್ತು ಅಂತ ಲೆಕ್ಕ ಹಾಕಿ ವಾದಿಸಿದವರಿದ್ದರು. 1998ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಆವರಣದಲ್ಲಿ ಇಡೀ ಸರಣಿಯನ್ನ ಒಂದೇ ದಿನ ಬಂಡಿ ಮೇಲೆ ಆಡಿ ನೋಡಿದರು. ನಿಲ್ದಾಣ ಕಡಿಮೆ ಇಟ್ಟುಕೊಂಡರೂ ಬೆಳಿಗ್ಗೆ ಶುರುವಾದದ್ದು ಮಧ್ಯರಾತ್ರಿ ದಾಟಿತು. ಸಿಮ್ಯುಲೇಶನ್ ಮಾಡೋರು ನಾಟಕದ ಉದ್ದ ಹಾಕ್ತಾರೆ. ಬಂಡಿ ತಿರುಗಿಸೋಕೆ ಎಷ್ಟು ಹೊತ್ತು, ಕೇಳೋ ಜನ ದಾರಿ ಬಿಡೋಕೆ ಎಷ್ಟು ಹೊತ್ತು ಅಂತ ಯಾವ ಸಂಖ್ಯೆ ಹಾಕ್ತಾರೆ?

ಚೌಕಿಮನೆ

ಈ ಚರ್ಚೆ ನಿನ್ನೆಯಿಂದ ಓದ್ತಾ ಇದ್ದೇನೆ ಮಾರಾಯ್ರೆ, ಒಂದು ಪ್ರಶ್ನೆ ಉಂಟು. ನಮ್ಮ ಕಡೆ ಯಕ್ಷಗಾನದ ರಾಮಾಯಣ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನದ್ದು ಹೌದೋ ಅಲ್ಲವೋ ಅಂತ ದೊಡ್ಡ ವಾದ ನಡೆದದ್ದು ಎಲ್ಲರಿಗೂ ಗೊತ್ತುಂಟು. ಮುಳಿಯ ತಿಮ್ಮಪ್ಪಯ್ಯನವರು ಒಂದು ಕಡೆ, ಕಾರಂತರು ಇನ್ನೊಂದು ಕಡೆ. ಈ ಡೆಲ್ಟಾ ಗಿಲ್ಟಾ ಅದಕ್ಕೆ ಹಚ್ಚಿದರೆ ಇತ್ಯರ್ಥ ಆದೀತಾ?

ತಾಮ್ರಪತ್ರ

ಚೌಕಿಮನೆಯವರ, ಒಳ್ಳೇ ಪ್ರಶ್ನೆ, ಆದ್ರ ನಿರಾಸೆ ಆಗ್ತದ. ಅವನದೇ ಅಂತ ಯಾರೂ ತಕರಾರು ಮಾಡಲಾರದ ಪಠ್ಯ ಒಂದಿಷ್ಟು ಬೇಕಲ್ರಿ ಹೋಲಿಸಲಿಕ್ಕೆ? ತಕರಾರು ಇರೋದೇ ಆ ಪ್ರಸಂಗಗಳ ಮ್ಯಾಲ.

ಬೈಟು_ಕಾಫಿ

ಜೊತೆಗೆ ಇನ್ನೆರಡು ತೊಡಕು. ಪ್ರಸಂಗದಲ್ಲಿ ಇರೋದು ಪದ್ಯ ಮಾತ್ರ, ಅರ್ಥ ಹೇಳೋದು ಕಲಾವಿದರು ಅಲ್ಲೇ ಕಟ್ಟೋ ಮಾತು. ಪದ್ಯದಲ್ಲಿ ರಾಗ-ತಾಳದ ಮಟ್ಟಿಗೆ ಪದ ಕೂರಬೇಕು, ಪ್ರಾಸ ಬೇಕು. ಹಾಗಾಗಿ ಕವಿಯ ಸ್ವಂತ ಚಾಳಿ ಕಾಣೋ ಜಾಗ ಕಡಿಮೆ. ಮತ್ತೆ ಕನ್ನಡದಲ್ಲಿ ‘ಆಫ್’, ‘ಟು’ ಥರದ್ದು ಬಿಡಿ ಪದವಾಗಿ ಇರಲ್ಲ, ವಿಭಕ್ತಿಯಾಗಿ ಪದಕ್ಕೇ ಅಂಟಿಕೊಂಡಿರುತ್ತೆ, ಸಂಧಿ ಬೇರೆ. ಪದ ಎಣಿಸೋ ಬದಲು ಮೂರು-ನಾಲ್ಕು ಅಕ್ಷರದ ತುಣುಕು ಎಣಿಸಬೇಕಾಗುತ್ತೆ. ಸ್ಟೈಲೋದಲ್ಲಿ ಆ ಆಯ್ಕೆ ಇದೆ. ಮೊದಲು ಬೇರೆ ಬೇರೆ ಹಸ್ತಪ್ರತಿಗಳ ಪಾಠ ಟೈಪ್ ಆಗಿ ಒಂದು ಕಡೆ ಸೇರಲಿ.

ಚೌಕಿಮನೆ

ಹಾಗಾದರೆ ಜಗಳ ಇನ್ನೂ ಐವತ್ತು ವರ್ಷ ನಡೆಯಲಿ ಬಿಡಿ. ತೊಂದರೆ ಇಲ್ಲ, ಪ್ರಸಂಗ ನಡೀತಾ ಉಂಟಲ್ಲ.

ಸಹ್ಯಾದ್ರಿ_ಓದು

ಡ್ರಾಕೋರ್ ಅನ್ನೋ ತಾಣದ ಬಗ್ಗೆ ಯಾರಾದ್ರೂ ಹೇಳ್ತೀರಾ? ಪಾತ್ರಗಳ ಜಾಲ ಬಿಡಿಸಿ ಕೊಡುತ್ತೆ, ಯಾರು ಯಾರ ಜೊತೆ ಒಂದೇ ದೃಶ್ಯದಲ್ಲಿ ಮಾತಾಡ್ತಾರೆ ಅಂತ. ನೋಡಕ್ಕೆ ಚೆನ್ನಾಗಿದೆ. ನನ್ನ ನಾಟಕದ ಜೋನ್ (ಜೋನ್ ಆಫ್ ಆರ್ಕ್) ಬರೋ ದೃಶ್ಯಗಳಿಗೆ ಬಳಸಬಹುದು ಅನ್ನಿಸ್ತು.

ಮಂಜುಹನಿ

ಬಳಸಿ. ಹಲವು ಭಾಷೆಯ ನಾಟಕಗಳು ಒಂದೇ ಅಚ್ಚುಕಟ್ಟಿನಲ್ಲಿ ಅಲ್ಲಿವೆ, ಷೇಕ್ಸ್‌ಪಿಯರ್ ಇದ್ದಾನೆ, ಸ್ಪೇನಿನ ಕಾಲ್ದೆರಾನ್ ಇದ್ದಾನೆ. ಆದರೆ ‘ಒಂದು ಪಾತ್ರ’ ಅಂತ ಜಾಲದಲ್ಲಿ ಕಾಣೋ ಚುಕ್ಕಿ ಯಾರೋ ಸಂಪಾದಕರು ತೀರ್ಮಾನ ಮಾಡಿದ್ದು. 1599ರ ‘ರೋಮಿಯೋ ಅಂಡ್ ಜೂಲಿಯಟ್’ ಕ್ವಾರ್ಟೊ (ಒಂದೇ ನಾಟಕದ ಸಣ್ಣ ಆಕಾರದ ಮುದ್ರಣ) ತೆಗೆದು ನೋಡಿ. ನಾವು ಲೇಡಿ ಕ್ಯಾಪುಲೆಟ್ ಅನ್ನೋ ಹೆಂಗಸು ಅಲ್ಲಿ ಒಂದು ದೃಶ್ಯದಲ್ಲಿ ‘ಹೆಂಡತಿ’, ಇನ್ನೊಂದರಲ್ಲಿ ‘ತಾಯಿ’, ಮತ್ತೊಂದರಲ್ಲಿ ‘ಮುದಿ ಲೇಡಿ’. ಯಾರ ಎದುರು ನಿಂತಿದ್ದಾಳೆ ಅನ್ನೋದರ ಮೇಲೆ ಹೆಸರು ಬದಲಾಗುತ್ತೆ. ಅದೇ ಪುಸ್ತಕದಲ್ಲಿ ಪೀಟರ್ ಅನ್ನೋ ಆಳು ಬರಬೇಕಾದ ಕಡೆ ‘ವಿಲ್ ಕೆಂಪ್ ಪ್ರವೇಶ’ ಅಂತ ನಟನ ಹೆಸರೇ ಅಚ್ಚಾಗಿದೆ. ಸಂಪಾದಕರು ಇದನ್ನೆಲ್ಲ ಒಂದು ಮಾಡಿಕೊಟ್ಟ ಮೇಲೆಯೇ ಜಾಲ ಅಷ್ಟು ಚಂದ ಕಾಣೋದು. ಮೂಲದಲ್ಲಿ ನಿಮ್ಮ ಜೋನ್‌ಗೂ ಹೆಸರು ಒಂದೇ ಬಗೆಯಲ್ಲಿ ಇಲ್ಲ, ಫೋಲಿಯೊ ಚಿತ್ರ ಉಚಿತವಾಗಿ ಸಿಗುತ್ತೆ, ತಾಳೆ ನೋಡಿ.

ಮತ್ತೊಂದು ಮಾತು, ಗ್ರಂಥಾಲಯದವಳಾಗಿ. ಸಿಕ್ಕಿದ್ದನ್ನ ಇಳಿಸಿ ಇಟ್ಟುಕೊಳ್ಳಿ, ಇಳಿಸಿದ ತಾರೀಖು ಬರೆದಿಡಿ. ವಿಕ್ಟೋರಿಯಾ ವಿಶ್ವವಿದ್ಯಾಲಯದ ಇಂಟರ್ನೆಟ್ ಶೇಕ್ಸ್‌ಪಿಯರ್ ಎಡಿಶನ್ಸ್ 1996ರಿಂದ ಇತ್ತು, ಎಷ್ಟೋ ಮಂದಿ ಪಾಠಕ್ಕೆ ಅದನ್ನೇ ನಂಬಿದ್ದರು. 2018ರಲ್ಲಿ ಅದರ ಹಳೇ ತಂತ್ರಾಂಶ ಇನ್ನು ನಡೆಯೋದಿಲ್ಲ ಅನ್ನೋ ಸ್ಥಿತಿ ಬಂತು, ಪಠ್ಯಗಳನ್ನ ಉಳಿಸಿ ಹೊಸ ವೇದಿಕೆ ಕಟ್ಟೋಕೆ ವರ್ಷಗಳೇ ಹಿಡಿದವು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆಯಿತಲ್ಲ, ಅವತ್ತಿಂದ ಅವರ ಹಸ್ತಪ್ರತಿಗಳ ಚಿತ್ರಗಳು ಬಹಳ ಕಾಲ ಯಾರಿಗೂ ಸಿಗಲಿಲ್ಲ. ಯಾರ್ಕ್ ನಾಟಕಗಳ ಹಸ್ತಪ್ರತಿ ಇರೋದೂ ಅಲ್ಲೇ.

ರಂಗದ_ಹಿಂದೆ

ಕ್ಷಮಿಸಿ, ನಾಟಕ ಆಡೋನು ನಾನು. ಇಷ್ಟೆಲ್ಲ ಎಣಿಸಿ ಅಳೆದು ಆದ ಮೇಲೆ ನಾಟಕ ಎಲ್ಲಿ ಉಳೀತು? ವೇದಿಕೆ ಮೇಲೆ ಏನಾಯ್ತು ಅಂತ ಇದರಲ್ಲಿ ಯಾವುದಾದ್ರೂ ಹೇಳುತ್ತಾ?

ತಾಮ್ರಪತ್ರ

ಹೇಳ್ತದ. ಫಿಲಿಪ್ ಹೆನ್ಸ್ಲೋ ಅಂತ ಒಬ್ಬ ಇದ್ದ, ಲಂಡನ್ನಿನ ರೋಸ್ ರಂಗಮಂದಿರದ ಮಾಲೀಕ. ಅವನ ಲೆಕ್ಕದ ಪುಸ್ತಕ ಡಲ್ವಿಚ್ ಕಾಲೇಜಿನಾಗ ಅದ, ಚಿತ್ರಗಳು ಹೆನ್ಸ್ಲೋ-ಅಲೆಯ್ನ್ ತಾಣದಾಗ ಉಚಿತ. 1598ರಾಗ ಮಾಡಿದ ರಂಗಸಾಮಾನಿನ ಪಟ್ಟಿಯೊಂದು ಇತ್ತು. ಮೂಲ ಕಳದುಹೋಗ್ಯದ, 1790ರಾಗ ಎಡ್ಮಂಡ್ ಮಲೋನ್ ಅಚ್ಚು ಹಾಕಿದ್ದಕ್ಕ ಉಳೀತು. ಓದ್ರಿ: ಒಂದು ಬಂಡೆ, ಒಂದು ಪಂಜರ, ಒಂದು ಗೋರಿ, ಒಂದು ನರಕದ ಬಾಯಿ. ಫಾಸ್ಟಸ್ ನಾಟಕಕ್ಕ ಒಂದು ಡ್ರ್ಯಾಗನ್. ಬಂಗಾರದ ಸೇಬಿನ ಒಂದು ಗಿಡ. ಯಹೂದಿಗೆ ಒಂದು ಕೊಪ್ಪರಿಗೆ. ‘ಮಾಲ್ಟಾದ ಯಹೂದಿ’ಯ ಕಡೇ ದೃಶ್ಯದಾಗ ಬರಾಬಸ್ ಬಿದ್ದು ಸಾಯ್ತಾನಲ್ಲ, ಆ ಕೊಪ್ಪರಿಗೆ ಅದು. ಮಾಯಾ ಆಗಲಿಕ್ಕೆ ಹಾಕ್ಕೊಳ್ಳೋ ಒಂದು ನಿಲುವಂಗಿಗೂ ರೊಕ್ಕ ಕೊಟ್ಟಾನ. ಆ ಅಂಗಿ ಹಾಕ್ಕೊಂಡು ಬಂದವನ್ನ ಕಂಡ್ರೂ ಕಾಣಲಿಲ್ಲ ಅಂತ ಮಂದಿ ಒಪ್ಕೋಬೇಕು!

ರೋಸ್ ಬುನಾದಿ 1989ರಾಗ ಅಗೆದಾಗ ಸಿಕ್ಕಿತು. ಆ ಅಳತಿ ಹಿಡಿದು ಆಸ್ಟ್ರೇಲಿಯಾದವರು ಮೂರು ಆಯಾಮದ ಮಾದರಿ ಕಟ್ಟ್ಯಾರ. ವೇದಿಕೆ ಎಷ್ಟು ಸಣ್ಣದಿತ್ತು, ಸೈನ್ಯ ಅಂತ ಎಷ್ಟು ಮಂದಿ ಮ್ಯಾಲ ನಿಲ್ಲಬಹುದಿತ್ತು ಅಂತ ಅದರೊಳಗ ನಿಂತು ನೋಡಬಹುದು.

ರಂಗದ_ಹಿಂದೆ

ಆ ನಿಲುವಂಗಿ ವಿಷಯ ನನಗೆ ಗೊತ್ತಿರಲಿಲ್ಲ. ಮುಂದಿನ ನಾಟಕಕ್ಕೆ ಕದೀತೀನಿ.

ತಾಮ್ರಪತ್ರ

ಸಹ್ಯಾದ್ರಿ ಮೇಡಂ, ನಿಮ್ಮ ವಿಷಯಕ್ಕ ಇದೇ ಹೆನ್ಸ್ಲೋ ಪುಸ್ತಕದಾಗ ಒಂದು ಸಾಲು ಅದ. 1592ರ ಮಾರ್ಚ್ 3ಕ್ಕ ‘ಹ್ಯಾರಿ ದಿ ವಿಜೆ’, ಅಂದ್ರ ಆರನೇ ಹ್ಯಾರಿ. ಹೆನ್ಸ್ಲೋ ಪಾಲಿಗೆ ಬಂದ ವಸೂಲಿ 3 ಪೌಂಡ್ 16 ಶಿಲಿಂಗ್ 8 ಪೆನ್ಸ್. ಪಕ್ಕದಾಗ ‘ಎನ್ ಇ’ ಅಂತ ಗುರುತು, ಹೊಸಾ ನಾಟಕ ಅಂತ ಬಹಳ ಮಂದಿಯ ಊಹೆ. ಇದು ನಿಮ್ಮ ನಾಟಕವೇ ಅನ್ನೋದೂ ಊಹೆಯೇ, ಆದ್ರ ಗಟ್ಟಿ ಊಹೆ. ಅದೇ ವರ್ಷ ನ್ಯಾಶ್ ಟಾಲ್ಬಟ್‌ನ ಸಾವು ವೇದಿಕೆ ಮ್ಯಾಲ ನೋಡಿ ಸಾವಿರಾರು ಮಂದಿ ಕಣ್ಣೀರು ಹಾಕಿದ್ದನ್ನ ಬರದಾನ.

ಆಜುಬಾಜು ನೋಡ್ರಿ. ಮಾರ್ಚ್ 1ಕ್ಕ ‘ಪೋಪ್ ಜೋನ್’, 2ಕ್ಕ ‘ಮ್ಯಾಕಿಯವೆಲ್’, 4ಕ್ಕ ‘ಬೆಂಡೊ ಮತ್ತು ರಿಚಾರ್ಡೊ’. ಮೂರೂ ಕಳದುಹೋದ ನಾಟಕ. ಮೊದಲಿನ ಎರಡು ದಿನದ ವಸೂಲಿ ಒಂದು ಪೌಂಡೂ ಮುಟ್ಟಿಲ್ಲ. 1567ರಿಂದ 1642ರ ತನಕ ಲಂಡನ್ನಿನ ವ್ಯಾಪಾರಿ ರಂಗಭೂಮಿಗೆ ಸುಮಾರು 3000 ನಾಟಕ ಬರದಿರಬಹುದು, ಉಳದದ್ದು ಐದುನೂರ ಚಿಲ್ಲರೆ ಅಂತ ಲಾಸ್ಟ್ ಪ್ಲೇಸ್ ಡೇಟಾಬೇಸ್‌ನವರ ಅಂದಾಜು. 2009ರಿಂದ ರೋಸ್ಲಿನ್ ನಟ್ಸನ್, ಡೇವಿಡ್ ಮೆಕಿನಿಸ್ ಮುಂತಾದವರು ಕಳದ ನಾಟಕಗಳ ಹೆಸರು, ಸುಳಿವು ಕೂಡಿಸಿ ಇಟ್ಟಾರ. ಯಾವ ಸಾಫ್ಟ್‌ವೇರ್ ಬಳಸಿದ್ರೂ ನೀವು ಎಣಿಸೋದು ಉಳದದ್ದನ್ನ ಮಾತ್ರ. ಮಾರ್ಲೋನೋ ಕಿಡ್‌ನೋ ಅನ್ನೋದರ ಜೊತೆಗೆ, ಒಂದೂ ಮಾದರಿ ಉಳಿಯಲಾರದ ಮೂರನೆಯವ ಯಾರೋ ಬರದಿದ್ರ? ಯಂತ್ರ ಅವನ ಹೆಸರು ಹೇಳಲಿಕ್ಕೆ ಸಾಧ್ಯ ಇಲ್ಲ, ಇದ್ದವರೊಳಗ ಹತ್ತಿರದವರನ್ನ ತೋರಿಸ್ತದ.

ಸಹ್ಯಾದ್ರಿ_ಓದು

ಸರ್, ಇದನ್ನ ಓದಿ ಮಾರ್ಲೋನನ್ನ ಸದ್ಯಕ್ಕೆ ಪಕ್ಕಕ್ಕಿಟ್ಟೆ. ಒಂದು ಯೋಚನೆ ಬಂದಿದೆ. 1592ರ ಫೆಬ್ರವರಿ 19ರಿಂದ ಜೂನ್‌ನಲ್ಲಿ ರಂಗಮಂದಿರ ಮುಚ್ಚೋ ತನಕ ರೋಸ್‌ನಲ್ಲಿ ಲಾರ್ಡ್ ಸ್ಟ್ರೇಂಜ್‌ನ ತಂಡ ದಿನಾ ಯಾವ ನಾಟಕ ಆಡಿತು, ವಸೂಲಿ ಎಷ್ಟು, ಆ ನಾಟಕ ಉಳಿದಿದೆಯಾ ಕಳೆದಿದೆಯಾ, ಉಳಿದಿದ್ದರೆ ಯಾವ ಮುದ್ರಣ ಅಂತ ಒಂದು ಕೋಷ್ಟಕ ಮಾಡೋದು. ‘ಹ್ಯಾರಿ’ ನೋಡಿದ ಪ್ರೇಕ್ಷಕರು ಅದೇ ತಿಂಗಳಲ್ಲಿ ‘ಮಾಲ್ಟಾದ ಯಹೂದಿ’ಯನ್ನೂ ‘ಜೆರೊನಿಮೊ’ವನ್ನೂ (ಅಂದ್ರೆ ಕಿಡ್‌ನ ‘ಸ್ಪ್ಯಾನಿಶ್ ಟ್ರ್ಯಾಜೆಡಿ’) ನೋಡಿದವರೇ ತಾನೆ? ನಾಟಕದೊಳಗಿನ ಮಾರ್ಲೋ ಥರದ, ಕಿಡ್ ಥರದ ಸಾಲುಗಳನ್ನ ಆ ಕಡೆಯಿಂದ ನೋಡಬಹುದು ಅನ್ನಿಸ್ತು. ಒಂದೇ ವೇದಿಕೆ ಮೇಲೆ ಸರದಿಯಲ್ಲಿ ಆಡ್ತಿದ್ದ ನಟರ ಬಾಯಲ್ಲಿ ಸುತ್ತಾಡಿದ ಮಾತು ಅಂತ. ಇದಕ್ಕೆ ಚಂದಾ ಬೇಕಾಗಿಲ್ಲ. ನಿಮಗೇನು ಅನ್ನಿಸುತ್ತೆ?

ತಾಮ್ರಪತ್ರ

ಭಾಳ ಚಲೋ ಅದ. ಮುದ್ರಣದ ವಿವರಕ್ಕ ‘ಡೀಪ್’ ಅನ್ನೋ ದತ್ತಾಂಶ ನೋಡ್ರಿ, ಫಾರ್ಮರ್ ಮತ್ತ ಲೆಸ್ಸರ್ ಮಾಡಿದ್ದು, ಹಳೇ ಇಂಗ್ಲಿಷ್ ನಾಟಕಗಳ ಪ್ರತಿ ಮುದ್ರಣದ ಮುಖಪುಟದ ಮಾತು ಸಹಿತ ಅದ. ಎರಡು ಎಚ್ಚರಿಕೆ. ಹೆನ್ಸ್ಲೋ ಕಾಗುಣಿತ ಅವನದೇ, ‘ಟೈಟಸ್ ಆಂಡ್ರೊನಿಕಸ್’ ಅವನ ಕೈಯಾಗ ‘ಒಂಡ್ರೊನಿಕಸ್’ ಆಗ್ಯದ. ಅವನ ಹೆಸರು ಒಂದು ಅಂಕಣ, ನೀವು ಗುರುತಿಸಿದ ಹೆಸರು ಇನ್ನೊಂದು ಅಂಕಣ. ಎರಡನೇದು, ಪುಟದ ಮ್ಯಾಲ ಅವ 1591 ಅಂತ ಬರದಾನ. ಇಂಗ್ಲೆಂಡಿನಾಗ ಆಗ ಹೊಸ ವರ್ಷ ಸುರು ಆಗೋದು ಮಾರ್ಚ್ 25ಕ್ಕ. ಅವನ 1591ರ ಮಾರ್ಚ್ 3 ನಮ್ಮ 1592ರದ್ದು.

ಬೈಟು_ಕಾಫಿ

ಮೇಡಂ, ಕೋಷ್ಟಕ ಎಕ್ಸೆಲ್‌ನಲ್ಲಿ ಮಾಡ್ತಿದ್ರೆ ಈಗಲೇ ಹೇಳಿಬಿಡ್ತೀನಿ. ಎಕ್ಸೆಲ್‌ಗೆ 1900ಕ್ಕಿಂತ ಹಿಂದೆ ಕಾಲವೇ ಇಲ್ಲ. 1592 ಹಾಕಿದ್ರೆ ತಾರೀಖು ಅಂತ ತಗೊಳ್ಳಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತೆ, ವಿಂಗಡಣೆ ಕೆಡುತ್ತೆ. ಲಿಬ್ರೆಆಫೀಸ್ ತಗೊಳ್ಳುತ್ತೆ, ಆದ್ರೆ ಅಲ್ಲಿ ಇನ್ನೊಂದು ಗುಂಡಿ. ಅದು 1582ರ ಅಕ್ಟೋಬರ್‌ನಿಂದ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ಲೆಕ್ಕ ಹಿಡಿಯುತ್ತೆ. ಇಂಗ್ಲೆಂಡ್ 1752ರ ತನಕ ಹಳೇ ಜೂಲಿಯನ್‌ನಲ್ಲೇ ಇತ್ತು. 1592 ಮಾರ್ಚ್ 3 ಯಾವ ವಾರ ಅಂತ ಕೇಳಿದ್ರೆ ಮಂಗಳವಾರ ಅನ್ನುತ್ತೆ. ಹತ್ತು ದಿನ ಸೇರಿಸಿ ಮಾರ್ಚ್ 13 ಅಂತ ಕೇಳಿ, ಶುಕ್ರವಾರ ಬರುತ್ತೆ. ಅದು ಸರಿ.

ಸಹ್ಯಾದ್ರಿ_ಓದು

ಶುಕ್ರವಾರ ಅಂದ್ರೆ 4 ಶನಿವಾರ, 5 ಭಾನುವಾರ. ಈಗಷ್ಟೇ ಹೆನ್ಸ್ಲೋ ಪುಟದ ಚಿತ್ರ ತೆಗೆದು ನೋಡಿದೆ. 4ನೇ ತಾರೀಖು ಆದ ಮೇಲೆ ನೇರ 6ಕ್ಕೆ ಹೋಗಿದ್ದಾನೆ, 5 ಇಲ್ಲ. ಹಾಗಾದ್ರೆ ವಾರದ ಅಂಕಣ ಪ್ರತ್ಯೇಕ ಇಡ್ತೀನಿ, ಶನಿವಾರ ವಸೂಲಿ ಹೆಚ್ಚೋ ಸೋಮವಾರ ಹೆಚ್ಚೋ ಅದೂ ಗೊತ್ತಾಗಲಿ. ಫೆಬ್ರವರಿಯ ಪುಟಗಳಿಂದ ಶುರು ಮಾಡ್ತಿದ್ದೀನಿ, ಅವನ ಕೈಬರಹ ಓದೋಕೆ ಬರದ ಕಡೆ ಚಿತ್ರ ಇಲ್ಲೇ ಹಾಕಿ ಕೇಳ್ತೀನಿ.